ಬಿದ್ದ ಬೈಕನ್ನು ಎತ್ತುವವರು ಯಾರು?

ಗಲ್ಫ್‌ನಿಂದ ವಾಪಸಾದ ನಮ್ಮ ಹುಡುಗರು ಮೊದಲೆಲ್ಲ ಅಂಗಡಿ ಹಾಕುತ್ತಿದ್ದರು, ಇಲ್ಲವೇ ಒಂದು ಪಿಕಪ್ ತೆಗೆದು ಬಾಡಿಗೆಗೆ ಓಡಿಸುತ್ತಿದ್ದರು. ಈಗೀಗ ಹೊಸದೊಂದು ಮಾತು ಕಿವಿಗೆ ಬೀಳುತ್ತಿದೆ. "ಉಸ್ತಾದ್, ನಾಲ್ಕೈದು ಬೈಕ್ ತೆಗೆದು ಘಟ್ಟದ ಮೇಲೆ ಟ್ರೇಲ್ ರೈಡಿಂಗ್ ಶುರು ಮಾಡುವ ಅಂತ ಇದ್ದೇವೆ" ಎನ್ನುತ್ತಾರೆ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ನಮ್ಮವರ ಮನೆಗಳಿವೆ, ಕಾಳುಮೆಣಸು-ಅಡಿಕೆ ವ್ಯಾಪಾರದಿಂದ ತೋಟದ ಮಾಲಕರ ಪರಿಚಯವೂ ಇದೆ. ಹಾಗಾಗಿ ಯೋಚನೆ ಬರುವುದು ಸಹಜವೇ.

ಕೆಲಸ ಹೇಳುವುದಾದರೆ ಇಷ್ಟೇ. ಮುಂದೆ ಒಬ್ಬ ಗೈಡ್, ಕೊನೆಯಲ್ಲಿ ಇನ್ನೊಬ್ಬ, ನಡುವೆ ನಾಲ್ಕೈದು ಗಿರಾಕಿಗಳು. ಹೆಚ್ಚಿನವರು ಬೆಂಗಳೂರಿನ ಆಫೀಸಿನವರು, ಶನಿವಾರ-ಆದಿತ್ಯವಾರ ಬರುವವರು. ತೋಟದ ಮಣ್ಣಿನ ದಾರಿ, ಹಳ್ಳ, ಕಲ್ಲಿನ ಏರು, ಗುಡ್ಡೆಯ ತುದಿ. ದಿನಕ್ಕೆ ನಲ್ವತ್ತು-ಐವತ್ತು ಕಿಲೋಮೀಟರ್ ಹೋದರೆ ದೊಡ್ಡದು. ಬೈಕ್, ಪೆಟ್ರೋಲ್, ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಮಧ್ಯಾಹ್ನದ ಊಟ ಎಲ್ಲ ನಡೆಸುವವರದ್ದೇ.

ಮದ್ರಸದಲ್ಲಿ ಕಲಿಸುವ ನಾವು ಬೈಕಿನ ವಿಷಯ ಬರೆಯುವುದು ನೋಡಿ ಕೆಲವರು ನಗಬಹುದು. ನಗಲಿ. ಐದು ಬೈಕ್, ಅದರ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಗಾರ್ಡ್, ಹೆಲ್ಮೆಟ್ ಅಂತ ಲೆಕ್ಕ ಹಾಕಿದರೆ ಹತ್ತು ಲಕ್ಷದ ಹತ್ತಿರ ಹೋಗುತ್ತದೆ. ದುಬೈಯ ಒಬ್ಬ ಸೇಲ್ಸ್‌ಮನ್ ಎಷ್ಟು ವರ್ಷ ಹೊಟ್ಟೆ ಕಟ್ಟಿದರೆ ಅಷ್ಟು ಉಳಿಯುತ್ತದೆ ಎಂದು ಈ ಪುಟ ಓದುವ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಕೆಲವು ಕಡೆ ಉಮ್ಮನ ಬಳೆಯೂ ಈ ಲೆಕ್ಕದೊಳಗೆ ಬರುತ್ತದೆ. ಆದ ಕಾರಣ ಯಾವ ಬೈಕ್ ಎಂಬುದು ಹುಡುಗರ ಶೋಕಿಯ ಪ್ರಶ್ನೆಯಾಗಿ ಉಳಿದಿಲ್ಲ, ಮನೆಯವರೆಲ್ಲ ಕೂತು ಮಾತಾಡಬೇಕಾದ ವಿಷಯವಾಗಿದೆ. ನಮ್ಮಲ್ಲಿ ಕಲಿತು ಹೋದ ಕೆಲವರು ಈ ಕೆಲಸದಲ್ಲಿದ್ದಾರೆ, ಗ್ಯಾರೇಜ್ ಇಟ್ಟವರೂ ಇದ್ದಾರೆ. ಅವರಲ್ಲಿ ಕೇಳಿ, ತೋಟದ ದಾರಿಯಲ್ಲಿ ನಿಂತು ನೋಡಿ, ತಿಳಿದದ್ದನ್ನು ಬರೆಯುತ್ತಿದ್ದೇವೆ.

ಮೊದಲನೆಯ ತೊಡಕು ಶುರುವಾಗುವುದೇ ಗಲ್ಫ್‌ನಲ್ಲಿ. ಅಲ್ಲಿದ್ದು ಬಂದವರ ತಲೆಯಲ್ಲಿ ಆಫ್‌ರೋಡ್ ಬೈಕ್ ಅಂದರೆ ಶಾರ್ಜಾದ ಅಲ್ ಬದಾಯರ್‌ನ ಕೆಂಪು ಮರಳದಿಣ್ಣೆ. ಬಿಗ್ ರೆಡ್ ಎಂದೇ ಹೆಸರು. ರಜೆ ದಿನ ಅಲ್ಲಿ 450 ಸಿಸಿಯ ಡರ್ಟ್ ಬೈಕುಗಳು ಹಾರುವುದನ್ನು ನೋಡಿದವನಿಗೆ 200 ಸಿಸಿ ಅಂದರೆ ಸೈಕಲ್ ಅನ್ನಿಸುತ್ತದೆ. ಆದರೆ ಮರಳಿನ ಕಾನೂನು ಬೇರೆ. ಮರಳಿನಲ್ಲಿ ನಿಧಾನ ಮಾಡಿದರೆ ಚಕ್ರ ಹೂತುಹೋಗುತ್ತದೆ, ಮೇಲೆ ತೇಲಿಕೊಂಡೇ ಹೋಗಬೇಕು. ಅದಕ್ಕೆ ಎಂಜಿನ್ನಿಗೆ ಜೋರು ಬೇಕು. ನಮ್ಮ ಕೆಂಪು ಮಣ್ಣು, ಪಾಚಿ ಹಿಡಿದ ಮುರಕಲ್ಲು, ಒದ್ದೆ ತರಗೆಲೆ, ಇವುಗಳ ಮೇಲೆ ಜೋರು ಕೊಟ್ಟರೆ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಬೈಕ್ ಅಡ್ಡ ಮಲಗುತ್ತದೆ. ಇಲ್ಲಿ ಬೇಕಾದದ್ದು ಮೊದಲ ಗೇರಿನಲ್ಲಿ, ನಡೆಯುವವನ ವೇಗದಲ್ಲಿ, ಕೆಮ್ಮದೆ ಏರುವ ಎಂಜಿನ್.

ಇನ್ನೊಂದು. ಅಲ್ಲಿನ ಆ ಬೈಕುಗಳು ಸ್ಪರ್ಧೆಗೆ ಮಾಡಿದವು. ಅವುಗಳ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿಲ್ಲ, ಗಂಟೆಯಲ್ಲಿ. ಇಷ್ಟು ಗಂಟೆ ಓಡಿತೆಂದರೆ ಆಯಿಲ್ ಬದಲಿಸಲೇಬೇಕು, ಇನ್ನಿಷ್ಟು ಗಂಟೆಗೆ ಪಿಸ್ಟನ್ ಬಿಚ್ಚಬೇಕು. ಇಲ್ಲಿ ರಸ್ತೆಗೆ ಇಳಿಸಲು ಆರ್‌ಸಿಯೂ ಸಿಗುವುದಿಲ್ಲ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗಲು ನಡುವೆ ಡಾಂಬರು ರಸ್ತೆ ದಾಟಲೇಬೇಕಲ್ಲ ಮಾರಾಯ್ರೆ.

ಡಾಕರ್ ರ‍್ಯಾಲಿ ಎಂಬ ಜಗತ್ತಿನ ಕಠಿಣ ಓಟದಲ್ಲೂ 2011ರಿಂದ ಬೈಕುಗಳಿಗೆ 450 ಸಿಸಿಯ ಮಿತಿ ಹಾಕಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರ್ತಿ ಮಾಡಿದ ಮೊದಲ ಭಾರತೀಯ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಅಂಥವರು ಅಷ್ಟರಲ್ಲಿ ಮರುಭೂಮಿ ದಾಟುತ್ತಾರೆ. ನಮ್ಮ ಹುಡುಗರ ಗಿರಾಕಿ ಸೋಮವಾರ ಲ್ಯಾಪ್‌ಟಾಪ್ ಮುಂದೆ ಕೂರುವವನು, ಮಣ್ಣಿನಲ್ಲಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಬಿಡುವುದು ಜೀವನದಲ್ಲೇ ಮೊದಲ ಸಲ. ಬೈಕ್ ಆರಿಸಬೇಕಾದದ್ದು ಅವನನ್ನು ನೋಡಿ. ಅದರಲ್ಲೂ ಆ ದಿನದ ಗುಂಪಿನಲ್ಲಿ ಎಲ್ಲರಿಗಿಂತ ಹೆದರಿದವನನ್ನು ನೋಡಿ.

ಎರಡನೆಯ ತೊಡಕು ಲಡಾಖ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂದ ಮೇಲೆ ಮನಾಲಿ-ಲೇಹ್ ದಾರಿಯಲ್ಲಿ ಅದರದ್ದೇ ಹೆಸರು. ಅಲ್ಲಿಯ ಗೈಡ್ ಟೂರುಗಳಲ್ಲಿ ಅದೇ ಬೈಕ್ ಸಾಲಾಗಿ ನಿಂತಿರುತ್ತದೆ. ಅದನ್ನು ಫೋನಿನಲ್ಲಿ ನೋಡಿ ನಮ್ಮವರು ಹಿಮಾಲಯನ್ನೇ ಬೇಕೆನ್ನುತ್ತಾರೆ. ಬೈಕ್ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಅಲ್ಲಿಯ ಕೆಲಸ ಏನು? ದಿನಕ್ಕೆ ಇನ್ನೂರು ಕಿಲೋಮೀಟರ್, ಹಿಂದೆ ಎರಡು ಬ್ಯಾಗ್, ಒಡೆದ ರಸ್ತೆ, ಮೈಲಿಗಟ್ಟಲೆ ಪೆಟ್ರೋಲ್ ಬಂಕ್ ಇಲ್ಲ. ಅದು ದೂರ ಪ್ರಯಾಣ. ಅಲ್ಲಿ ಬೈಕ್ ಬೀಳುವುದು ಅಪರೂಪ. ತೋಟದ ಟ್ರೇಲಿನಲ್ಲಿ ಬೀಳುವುದೇ ದಿನಚರಿ. ಹೊಸಬ ಬೆಳಗ್ಗೆಯಿಂದ ಸಂಜೆಯೊಳಗೆ ಆರೇಳು ಸಲ ಮಲಗಿಸದಿದ್ದರೆ ಅವನನ್ನು ಸುಲಭದ ದಾರಿಯಲ್ಲಿ ಕರೆದುಕೊಂಡು ಹೋಗಿದ್ದಾರೆ ಎಂದರ್ಥ.

ಹಾಗಾದರೆ ಬಿದ್ದ ಬೈಕನ್ನು ಎತ್ತುವವರು ಯಾರು? ಈ ಒಂದು ಪ್ರಶ್ನೆ ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ. ಹಳೆಯ 411 ಸಿಸಿ ಹಿಮಾಲಯನ್ 199 ಕಿಲೋ. 2023ರ ಕೊನೆಗೆ ಬಂದ 450 ಸಿಸಿಯದ್ದು 196 ಕಿಲೋ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕಿಲೋ. ಕವಾಸಾಕಿ ಕೆಎಲ್‌ಎಕ್ಸ್ 230 ಅಂತೂ 139 ಕಿಲೋ. ಹಿಮಾಲಯನ್‌ಗೂ ಎಕ್ಸ್‌ಪಲ್ಸ್‌ಗೂ ನಲ್ವತ್ತು ಕಿಲೋದಷ್ಟು ವ್ಯತ್ಯಾಸ. ಸಮತಟ್ಟು ನೆಲದಲ್ಲಿ ಇದು ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ತಲೆ ಕೆಳಗೆ ಮಾಡಿ ಬಿದ್ದ ಬೈಕ್, ಕಾಲಡಿ ಜಾರುವ ಮಣ್ಣು, ಕೈಯಲ್ಲಿ ಒದ್ದೆ ಗ್ಲೌಸ್, ಇಂಥ ಹೊತ್ತಿನಲ್ಲಿ ಒಂದು ಮೂಟೆ ಅಕ್ಕಿ ಹೆಚ್ಚು ಎತ್ತಬೇಕೋ ಬೇಡವೋ ಎಂಬುದೇ ಎಲ್ಲ. ಬೆಳಗ್ಗೆ ಗಿರಾಕಿ ತಾನೇ ಎತ್ತುತ್ತಾನೆ. ಹನ್ನೊಂದು ಗಂಟೆಯ ಮೇಲೆ ಅವನ ಸೊಂಟ ಸೋಲುತ್ತದೆ. ಆಮೇಲೆ ಗೈಡ್ ತನ್ನ ಬೈಕ್ ನಿಲ್ಲಿಸಿ ಓಡಿಬಂದು ಎತ್ತಬೇಕು. ಐದು ಜನ ಗಿರಾಕಿ, ಒಬ್ಬೊಬ್ಬರು ಐದಾರು ಸಲ. ಸಂಜೆಗೆ ಗೈಡ್‌ನ ಬೆನ್ನು ಏನಾಗಬೇಡ? ಸುಸ್ತಾದ ಗೈಡ್ ದಾರಿ ನೋಡುವುದಿಲ್ಲ, ಗಿರಾಕಿಯನ್ನೂ ನೋಡುವುದಿಲ್ಲ. ಪೆಟ್ಟಾಗುವುದು ಆಗಲೇ. ಭಾರದ ಬೈಕ್ ಕಾಲಿನ ಮೇಲೆ ಬಿದ್ದರೆ ಪಾದದ ಗಂಟು ಉಳಿಯುವುದು ಬೂಟಿನ ಪುಣ್ಯ.

ಇದೇ ತೋಟದ ದಾರಿಯಲ್ಲಿ ಟಿವಿಎಸ್ ಎಕ್ಸ್‌ಎಲ್ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಲುಂಗಿಯಲ್ಲಿ ಹತ್ತುವ ಕಾಕಾಂದಿರನ್ನು ನೀವೂ ನೋಡಿರಬಹುದು. ಅವರಿಗೆ ಯಾವ ಸಸ್ಪೆನ್ಷನ್ ವಿದ್ಯೆಯೂ ಬೇಕಾಗಿಲ್ಲ. ಹಗುರ ಇದೆ, ಎರಡೂ ಕಾಲು ನೆಲಕ್ಕೆ ಸಿಗುತ್ತದೆ, ಅಷ್ಟೇ ಗುಟ್ಟು.

ಕಾಲಿನ ಮಾತು ಬಂದದ್ದರಿಂದ ಸೀಟಿನ ಎತ್ತರ. ಜಾಹೀರಾತಿನಲ್ಲಿ ಆಫ್‌ರೋಡ್ ಬೈಕ್ ಎತ್ತರವಿದ್ದಷ್ಟೂ ಚಂದ. ಎಕ್ಸ್‌ಪಲ್ಸ್ 200 4ವಿಯ ಸೀಟ್ 825 ಮಿಲಿಮೀಟರ್. ಅದರದ್ದೇ ಪ್ರೋ ಮಾದರಿ ಸ್ಪರ್ಧೆಯ ಸಸ್ಪೆನ್ಷನ್ ಹಾಕಿಕೊಂಡು 891 ಮಿಲಿಮೀಟರಿಗೆ ಏರುತ್ತದೆ. ಕೆಎಲ್‌ಎಕ್ಸ್ ಹಗುರವಾದರೂ ಸೀಟ್ 880. ಐದೂವರೆ ಅಡಿಯ ಆಳು 890ರ ಸೀಟಿನ ಮೇಲೆ ಕೂತರೆ ಒಂದು ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ. ಕಲ್ಲಿನ ಏರಿನ ಮಧ್ಯದಲ್ಲಿ ಎಂಜಿನ್ ಬಂದ್ ಆಯಿತೆನ್ನಿ, ಕಾಲು ಇಡಲು ಹೋದಲ್ಲಿ ಹೊಂಡ, ಅಲ್ಲಿಗೆ ಮುಗಿಯಿತು. ಈಗ ಗಿರಾಕಿಗಳಲ್ಲಿ ಹೆಣ್ಣುಮಕ್ಕಳೂ ಸಾಕಷ್ಟು ಬರುತ್ತಾರೆ, ಗಂಡ-ಹೆಂಡತಿ ಒಂದೊಂದು ಬೈಕ್ ತೆಗೆದುಕೊಂಡು ಹೊರಡುವವರಿದ್ದಾರೆ. ಪ್ರೋ ಮಾದರಿ ನುರಿತವನಿಗೆ ಸರಿ. ಬಾಡಿಗೆಗೆ ಕೊಡುವ ಬೈಕಿಗೆ 825 ಸಾಕು, ಐದರಲ್ಲಿ ಒಂದಕ್ಕೆ ಸೀಟಿನ ಫೋಮ್ ಕೊರೆಸಿ ಇನ್ನೂ ತಗ್ಗಿಸಿಟ್ಟರೆ ಒಳ್ಳೆಯದು. ಅದು ಕುಶನ್ ಅಂಗಡಿಯ ಅರ್ಧ ದಿನದ ಕೆಲಸ.

ದುಡ್ಡಿನ ಲೆಕ್ಕದಲ್ಲೂ ಸಣ್ಣ ಎಂಜಿನ್ನೇ ಈಗ ಲಾಭ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ ಶೇ. 40. ಒಂದು 450ರ ದುಡ್ಡಿಗೆ ಎರಡು 200 ಬರುತ್ತದೆ ಎಂದು ಹುಡುಗರು ಹೇಳುವುದು ಉತ್ಪ್ರೇಕ್ಷೆಯಲ್ಲ.

ಇಷ್ಟೆಲ್ಲ ನೋಡಿದರೆ, ಸದ್ಯಕ್ಕೆ ನಮ್ಮ ಘಟ್ಟದ ಈ ಕೆಲಸಕ್ಕೆ ಎಕ್ಸ್‌ಪಲ್ಸ್ 200 ಅಥವಾ ಅದರಂಥದ್ದೇ ಹಗುರ ಬೈಕ್ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕಂಪೆನಿ ನಮಗೆ ಮಾವನ ಮನೆಯೇನಲ್ಲ. ಅದರಲ್ಲೂ ಕೊರತೆಗಳಿವೆ. ಹೈವೇಯಲ್ಲಿ ನೂರು ದಾಟಿದರೆ ಏದುಸಿರು ಬಿಡುತ್ತದೆ, ಚಕ್ರಕ್ಕೆ ಟ್ಯೂಬ್ ಇರುವುದರಿಂದ ಪಂಕ್ಚರ್ ಆದರೆ ಅಲ್ಲೇ ಚಕ್ರ ಬಿಚ್ಚಬೇಕು. ಆದರೆ ಮುಂದೆ 21, ಹಿಂದೆ 18 ಇಂಚಿನ ಸ್ಪೋಕ್ ಚಕ್ರ ಇದೆ. ದೊಡ್ಡ ಚಕ್ರ ಕಲ್ಲಿಗೆ ತಾಗಿ ನಿಲ್ಲುವುದಿಲ್ಲ, ಹತ್ತಿ ಇಳಿಯುತ್ತದೆ. ಸ್ಪೋಕ್ ಬಗ್ಗುತ್ತದೆ, ಬಗ್ಗಿದ್ದನ್ನು ಎಳೆದು ಸರಿ ಮಾಡಬಹುದು. ಅಲಾಯ್ ಒಡೆದರೆ ಹೊಸತೇ ಗತಿ. ಎಲ್ಲಕ್ಕಿಂತ ಮುಖ್ಯ, ಹೀರೋ ಬೈಕಿನ ಕ್ಲಚ್ ಪ್ಲೇಟಿಗೋ ಕೇಬಲಿಗೋ ಬೆಂಗಳೂರಿಗೆ ಫೋನ್ ಮಾಡಿ ವಾರಗಟ್ಟಲೆ ಕಾಯಬೇಕಾಗಿಲ್ಲ, ತಾಲೂಕು ಪೇಟೆಯಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಶನಿವಾರ ಬಿದ್ದ ಬೈಕ್ ಆದಿತ್ಯವಾರ ಬೆಳಗ್ಗೆ ಓಡದಿದ್ದರೆ ಆ ವಾರದ ಲಾಭ ಹೋಯಿತು. ಕವಾಸಾಕಿ ಎಷ್ಟೇ ಹಗುರವಿರಲಿ, ಪಾರ್ಟ್ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಎಂಬುದನ್ನು ಕೇಳಿ ತಿಳಿದ ಮೇಲೆಯೇ ಅಡ್ವಾನ್ಸ್ ಕೊಡಬೇಕು. 2011ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋದ ಹೀರೋ ಇಂಪಲ್ಸ್ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಕಂಡರೂ ಇದೇ ಕಾರಣಕ್ಕೆ ಐದೈದು ತೆಗೆಯುವ ಆಸೆ ಬೇಡ.

ತೆಗೆಯುವುದಾದರೆ ಐದೂ ಒಂದೇ ಮಾದರಿ ಇರಲಿ. ಗೈಡ್‌ನದ್ದೂ ಅದೇ. ಇಲ್ಲಿ ಹುಡುಗರು ಜಾರುತ್ತಾರೆ. ಗಿರಾಕಿಗಳಿಗೆ 200, ತನಗೆ ಮಾತ್ರ 450 ತೆಗೆಯುತ್ತಾರೆ, ಮುಂದೆ ಹೋಗುವವನಿಗೆ ಸ್ವಲ್ಪ ಗತ್ತು ಬೇಡವೇ ಎಂದು! ದೊಡ್ಡ ಬೈಕಿನಲ್ಲಿ ಸುಲಭಕ್ಕೆ ಹತ್ತಿದ ಏರನ್ನು ಹಿಂದೆ ಬರುವ ಹೊಸಬನ ಬೈಕ್ ಹತ್ತುತ್ತದೋ ಇಲ್ಲವೋ ಅವನಿಗೆ ಗೊತ್ತಾಗುವುದೇ ಇಲ್ಲ. ಒಂದೇ ಮಾದರಿಯಾದರೆ ಗಿರಾಕಿಯ ಬೈಕ್ ಕೈಕೊಟ್ಟ ಕೂಡಲೇ ತನ್ನದನ್ನು ಅವನಿಗೆ ಕೊಟ್ಟು ತಾನು ರಿಪೇರಿ ನೋಡಬಹುದು. ಚೀಲದಲ್ಲಿ ಒಂದು ಜೊತೆ ಟ್ಯೂಬ್, ಒಂದು ಕ್ಲಚ್ ಕೇಬಲ್, ಎರಡು ಲಿವರ್, ಒಂದು ಚೈನ್ ಲಿಂಕ್, ಪಂಪ್ ಇದ್ದರೆ ಐದೂ ಬೈಕಿಗೆ ಆಯಿತು. ಐದು ಜಾತಿಯ ಬೈಕಾದರೆ ಐದು ಚೀಲ.

ಗ್ಯಾರೇಜಿನವರು ಹೇಳಿದ ಸಣ್ಣ ಸಣ್ಣ ಸಂಗತಿಗಳೂ ಬೆಲೆಯುಳ್ಳವು. ಕ್ಲಚ್ ಮತ್ತು ಬ್ರೇಕ್ ಲಿವರಿನ ಬೋಲ್ಟ್ ಪೂರ್ತಿ ಬಿಗಿಯಬಾರದು, ಬಿದ್ದಾಗ ಹ್ಯಾಂಡಲ್ ಮೇಲೆ ತಿರುಗಿಕೊಳ್ಳುವಷ್ಟು ಇರಬೇಕು. ಬಿಗಿದರೆ ಮುರಿಯುತ್ತದೆ, ಬಿಟ್ಟರೆ ತಿರುಗುತ್ತದೆ. ಎಂಜಿನ್ ಅಡಿಗೆ ಗಟ್ಟಿ ತಗಡಿನ ಪ್ಲೇಟ್, ಕೈಗೆ ಹ್ಯಾಂಡ್‌ಗಾರ್ಡ್. ಟಯರಿನ ಗಾಳಿ ರಸ್ತೆಯ ಲೆಕ್ಕಕ್ಕಿಂತ ಇಳಿಸಬೇಕು, ಆದರೆ ಟ್ಯೂಬ್ ಇರುವ ಚಕ್ರದಲ್ಲಿ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಕಚ್ಚಿ ಹರಿಯುತ್ತದೆ. ಮುಂದಿನ ಸ್ಪ್ರಾಕೆಟಿಗೆ ಒಂದು ಹಲ್ಲು ಕಡಿಮೆಯದ್ದು ಹಾಕಿದರೆ ವೇಗ ಇಳಿದು ಏರಿನ ಎಳೆತ ಹೆಚ್ಚುತ್ತದೆ. ಕಡಿಮೆ ಖರ್ಚು, ಗಿರಾಕಿಗೆ ಕ್ಲಚ್ ಸುಡುವ ಅಭ್ಯಾಸವೂ ತಪ್ಪುತ್ತದೆ. ಏರ್ ಫಿಲ್ಟರ್ ಪ್ರತಿ ವಾರ ಬಿಚ್ಚಿ ನೋಡಬೇಕು. ಬೇಸಿಗೆಯ ಕೆಂಪು ಧೂಳಿನಲ್ಲಿ ಹಿಂದೆ ಬರುವ ಬೈಕುಗಳು ಕುಡಿಯುವುದೇ ಮುಂದಿನವನ ಧೂಳನ್ನು.

ಸೈಲೆನ್ಸರ್ ಮಾತ್ರ ಮುಟ್ಟಬೇಡಿ. ಕಂಪೆನಿ ಕೊಟ್ಟದ್ದೇ ಇರಲಿ. ತೋಟದ ಮಾಲಕರು ದಾರಿ ಬಿಡುವುದು ನಮ್ಮ ಮುಖ ನೋಡಿ. ಅವರ ದನ ಹಗ್ಗ ಕಿತ್ತರೆ, ಕೆಲಸದವರು ಬೈದರೆ, ಮುಂದಿನ ವಾರ ಗೇಟಿಗೆ ಬೀಗ ಬೀಳುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆಯ ಕಡೆ ಕಾಡಾನೆಯ ಕಾಟವಿದೆ. ಬೆಳಗ್ಗೆ ಆನೆ ಎಲ್ಲಿ ನಿಂತಿದೆ ಎಂದು ಕೇಳದೆ ಹೊರಡುವವನು ಗೈಡ್ ಅಲ್ಲ.

ದಾರಿ ಅಂದಾಗ ಇನ್ನೊಂದನ್ನು ಖಡಾಖಂಡಿತ ಹೇಳಬೇಕು. ಕಾಣುವ ಮಣ್ಣಿನ ದಾರಿಯೆಲ್ಲ ನಮ್ಮದಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಡೆ ಅನುಮತಿ ಇಲ್ಲದೆ ಬೈಕ್ ನುಗ್ಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸಾಗುತ್ತದೆ, ವಾಹನವೂ ಮುಟ್ಟುಗೋಲಾಗುತ್ತದೆ. ಲೋನ್ ತೀರದ ಬೈಕ್ ಅರಣ್ಯ ಇಲಾಖೆಯ ಕಾಂಪೌಂಡಿನಲ್ಲಿ ಮಳೆಗೆ ನೆನೆಯುವುದನ್ನು ಯೋಚಿಸಿ. ತೋಟದ ಮಾಲಕರ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ.

ಬೈಕಿನ ನಂಬರ್ ಪ್ಲೇಟ್ ಕೂಡ ಆಯ್ಕೆಯ ಭಾಗವೇ. ಬಿಳಿ ಪ್ಲೇಟಿನ ಸ್ವಂತ ಬೈಕನ್ನು ದುಡ್ಡು ಪಡೆದು ಗಿರಾಕಿಗೆ ಕೊಡುವಂತಿಲ್ಲ. ಬಾಡಿಗೆಯ ದ್ವಿಚಕ್ರಕ್ಕೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ, ಗೋವಾದಲ್ಲಿ ನೋಡಿದ್ದೀರಲ್ಲ, ಅದು. 1997ರ ಬಾಡಿಗೆ ಮೋಟಾರ್ ಸೈಕಲ್ ಯೋಜನೆಯಡಿ ಲೈಸೆನ್ಸ್ ತೆಗೆಯಬೇಕು, ಅದಕ್ಕೆ ಕನಿಷ್ಠ ಐದು ಬೈಕ್ ಬೇಕು. ಎರಡರಲ್ಲಿ ಶುರು ಮಾಡಿ ನೋಡುವ ಎನ್ನುವವರಿಗೆ ಇದೇ ಮೊದಲ ಗೋಡೆ. "ಅದೆಲ್ಲ ಯಾರು ಕೇಳ್ತಾರೆ ಉಸ್ತಾದ್" ಎಂದು ಒಬ್ಬ ನಮ್ಮಲ್ಲಿ ಹೇಳಿದ. ಯಾರೂ ಕೇಳುವುದಿಲ್ಲ, ಗಿರಾಕಿಯ ಬೆನ್ನುಮೂಳೆ ಮುರಿಯುವ ದಿನದವರೆಗೆ. ಆ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಪ್ಲೇಟು. ಸ್ವಂತ ಬಳಕೆಯ ಪಾಲಿಸಿ ಬಾಡಿಗೆಗೆ ನಡೆಯುವುದಿಲ್ಲ ಎಂದು ಕೈ ತೊಳೆದರೆ ಪರಿಹಾರದ ಹೊರೆ ಮನೆಯ ಮೇಲೆ, ಅಂದರೆ ಬಾಪನ ಜಾಗದ ಮೇಲೆ. ಐದು ಬೈಕಿಗೆ ದುಡ್ಡಿಲ್ಲದವರಿಗೆ ಬೇರೆ ದಾರಿಯೂ ಇದೆ. ಸ್ವಂತ ಬೈಕ್ ತರುವ ಗಿರಾಕಿಗಳಿಗೆ ಗೈಡ್ ಆಗುವುದು. ದಾರಿ ತೋರಿಸಿದ್ದಕ್ಕೆ, ಊಟಕ್ಕೆ, ರಿಪೇರಿಗೆ ದುಡ್ಡು. ಲಾಭ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಕೊನೆಗೆ ವರ್ಷದ ಲೆಕ್ಕ ಒಂದು ಕಾಗದದಲ್ಲಿ ಬರೆದು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಘಟ್ಟದಲ್ಲಿ ಮಳೆ, ದಾರಿ ಜಾರಿಕೆ, ಜಿಗಣೆಯ ಊಟ ಬೇರೆ. ನವೆಂಬರ್ ಕೊನೆಯಿಂದ ಕಾಫಿ ಕೊಯ್ಲು, ಅರೇಬಿಕಾ ಮುಗಿದ ಮೇಲೆ ರೋಬಸ್ಟಾ, ಫೆಬ್ರವರಿ-ಮಾರ್ಚ್‌ವರೆಗೆ ತೋಟದಲ್ಲಿ ಆಳು-ಟ್ರ್ಯಾಕ್ಟರ್ ಓಡಾಟ. ಆಗ ಬೈಕ್ ಬಿಡಿ ಎಂದು ಕೇಳಲು ನಮಗೇ ನಾಚಿಕೆ. ಉಳಿಯುವುದು ಅಕ್ಟೋಬರ್-ನವೆಂಬರ್ ಮತ್ತು ಮಾರ್ಚ್‌ನಿಂದ ಮೇ. ಅದರಲ್ಲೂ ವಾರಕ್ಕೆ ಎರಡೇ ದಿನ. ಒಟ್ಟು ನಲ್ವತ್ತು ದಿನ ಸಿಕ್ಕಿದರೆ ದೊಡ್ಡದು. ನಲ್ವತ್ತು ದಿನದ ಸಂಪಾದನೆ ಹನ್ನೆರಡು ತಿಂಗಳ ಕಂತು ಕಟ್ಟಬೇಕು, ಇನ್ಶೂರೆನ್ಸ್ ಕಟ್ಟಬೇಕು, ಟಯರ್ ಬದಲಿಸಬೇಕು. ಬಡ್ಡಿಯ ಸಾಲದ ಸುದ್ದಿ ಬೇಡವೆಂದು ಅಣ್ಣ-ತಮ್ಮ, ಭಾವಂದಿರು ಪಾಲು ಹಾಕಿ ಶುರು ಮಾಡುವವರಿದ್ದಾರೆ. ಒಳ್ಳೆಯದೇ. ಮುರಿದ ಬೈಕಿನ ಖರ್ಚು ಯಾರ ಪಾಲಿನದ್ದು, ಗೈಡ್ ಆಗಿ ದುಡಿಯುವವನಿಗೆ ಸಂಬಳ ಬೇರೆಯೋ ಲಾಭದೊಳಗೋ ಎಂಬುದನ್ನು ಮೊದಲ ದಿನವೇ ಬರೆದಿಟ್ಟರೆ ಪೆರ್ನಾಲಿಗೆ ಮಾತು ಬಿಡುವ ಪ್ರಮೇಯ ಬರುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಮನಸ್ಸಿನಲ್ಲಿರುವ ಬೈಕ್ ಯಾರದ್ದಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಮಳೆ ಬಿದ್ದ ಮರುದಿನವಾದರೆ ಇನ್ನೂ ಉತ್ತಮ. ತೋಟದ ಏರಿನ ಅರ್ಧದಲ್ಲಿ ಅದನ್ನು ಮೆಲ್ಲನೆ ಮಲಗಿಸಿ, ಒಬ್ಬರೇ ಎತ್ತಿ. ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಅಲ್ಲಿಂದಲೇ ಹೊರಡಿ. ಹೀಗೆ ಹತ್ತು ಸಲ. ಬೈಕಿನ ಯಜಮಾನ ಬೈದರೆ ಒಂದು ಬಿರಿಯಾನಿ ಕೊಡಿಸಿ. ಹತ್ತನೆಯ ಸಲ ಕೈ ನಡುಗದೆ ಎತ್ತಲು ಆದರೆ ಆ ಬೈಕಿನ ಬೆಲೆ ಕೇಳಲು ಶೋರೂಮಿಗೆ ಹೋಗಬಹುದು.